ಮಾವ ಮಳೆ ಬರಲ್ಲ ಅಂದ ಭಾನುವಾರ

ನನ್ನ ಸೋದರಮಾವನ ಹವಾಮಾನ ವರದಿಯನ್ನು ಹಾರನಹಳ್ಳಿ ಸುತ್ತಲಿನವರೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದರು. ಅಂದರೆ, ಅದರ ಉಲ್ಟಾ ಆಗುತ್ತದೆ ಎಂದು ನಂಬುತ್ತಿದ್ದರು! ಮಾವ 'ಇವತ್ತು ಮಳೆ' ಎಂದ ದಿನ ಹೆಂಗಸರು ನಿಶ್ಚಿಂತೆಯಿಂದ ಸಂಡಿಗೆ ಇಟ್ಟು ನಿದ್ದೆ ಹೋಗುತ್ತಿದ್ದರು.

ಅವರ ಲೆಕ್ಕಾಚಾರವೇನು ಸಾಮಾನ್ಯದ್ದೇ? ಬೇಸಿಗೆಯ ಕೊನೆಯ ವಾರಗಳಲ್ಲಿ ಊಟ ಮುಗಿಸಿ, ಪಡುವಣಕ್ಕೆ ಮುಖ ಮಾಡಿ ಜಗಲಿ ಮೇಲೆ ಕೂತು, ಕೊಡಗಿನ ಕಾಫಿ ತೋಟದಲ್ಲಿದ್ದ ಗೆಳೆಯನಿಗೆ ಫೋನ್ ಹಚ್ಚುವರು. "ಅಲ್ಲಿ ಸುರು ಆಯ್ತಾ? ಸರಿ ಬುಡು!" ಫೋನ್ ಇಟ್ಟವರೇ, "ಮೂರ್ ಗಂಟೆಗೆ ಅಲ್ಲಿಂದ ಒಂಟದೆ, ನಾಕೂವರೆಗೆ ನಮ್ಮೂರು" ಎಂದು ಬಸ್ಸಿನ ಟೈಮು ಹೇಳಿದಂತೆ ಸಾರುವರು. ನಾಲ್ಕೂವರೆಗೆ ಚುರುಗುಟ್ಟುವ ಬಿಸಿಲು!

"ಎಲ್ಲಿ ಮಾವ ಮಳೆ?"

"ದಾರೀಲಿ ಪಿರಿಯಾಪಟ್ಟಣದಲ್ಲೇ ಇಳ್ಕಂಡಿರ್ಬೇಕು ಕಣ್ಲಾ!"

ಮಾವ ಈಗಿಲ್ಲ. ಈ ಶನಿವಾರ, ಭಾನುವಾರ ಪಡುವಣದಿಂದ ಮಳೆ ಎಂದು ಮೊಬೈಲು ಹೇಳುತ್ತಿದೆ. ಬಂದರೂ ಬರಬಹುದು. ಆದರೆ ಬರದಿದ್ದರೆ ಬೈಯಲು ಯಾರಿದ್ದಾರೆ? ಅವರಿಲ್ಲದ ಬೇಸಿಗೆ ನನಗಂತೂ ಸಪ್ಪೆ.

ಅವರನ್ನು ನಿಜವಾಗಿ ನಂಬುತ್ತಿದ್ದವಳು ಒಬ್ಬಳೇ. ಅವರ ತಂಗಿ, ನನ್ನಮ್ಮ. ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ಮೊದಲ ಸಲ ತಾನೇ ನಿಂತು ಹೊಗೆಸೊಪ್ಪು ಹಾಕಿಸುತ್ತಿದ್ದಳು. ಆಗಿನ ಒಂದು ಶನಿವಾರಕ್ಕೆ ನಲವತ್ತು ಪರ್ಸೆಂಟ್ ಮಳೆ ಎಂದು ನಾನೇ ಮೊಬೈಲು ನೋಡಿ ಹೇಳಿದ್ದೆ. ಮಾವ ತೊಡೆ ತಟ್ಟಿದರು. "ಮೂವತ್ತೈದಕ್ಕೇ ಪಾಸು! ನಲವತ್ತು ಅಂದ್ಮೇಲೆ ಬಂದೇ ಬತ್ತದೆ. ನೆಡ್ಸವ್ವ ನೀನು!"

"ಅಣ್ಣನೇ ಯೋಳವ್ನಲ್ಲ" ಎಂದು ಅಮ್ಮ ಶುಕ್ರವಾರವೇ ಸಸಿ ಕೀಳಿಸಿ ನೆಡಿಸಿಬಿಟ್ಟಳು. ಕಿತ್ತ ಸಸಿ ಮತ್ತೆ ಸಸಿಮಡಿಗೆ ಹೋಗುವುದುಂಟೇ? ಶನಿವಾರ ಒಂದು ಹನಿಯಿಲ್ಲ. ಬಿಂದಿಗೆಯಲ್ಲಿ ಹೊತ್ತು ಹಾಕಿದ ನೀರು ನಾಲ್ಕು ಸಾಲಿಗೂ ಸಾಲಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಸಸಿಗಳೆಲ್ಲ ಬಾಡಿ ಮಲಗಿದವು. ಮಡಿಯಲ್ಲಿ ಬೇರೆ ಸಸಿ ಉಳಿದಿರಲಿಲ್ಲ. ಅಂದು ರಾತ್ರಿಯೊಳಗೆ ನೆಲ ನೆನೆಯದಿದ್ದರೆ ಆ ವರ್ಷದ ಬೆಳೆಯೇ ಇಲ್ಲ. ಅಮ್ಮ ಬದುವಿನ ಮೇಲೆ ಕೂತು, ಬಾಯಿಗೆ ಸೆರಗೊತ್ತಿಕೊಂಡು ಅಳುತ್ತಿದ್ದಳು. ಅಣ್ಣನಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ.

ಮಾವ ಬಂದರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದರು. ಅವತ್ತು ಅದಕ್ಕೆ ಬೆನ್ನು ಹಾಕಿ ನಿಂತು, ಪಕ್ಕದ ಹೊಲದವರಿಗೂ ಕೇಳುವಂತೆ ಕೂಗಿದರು.

"ಮಳೆ ಬರಲ್ಲ! ಈ ವಾರ ಎಲ್ಲ ಒಂದ್ ಹನಿ ಬೀಳಲ್ಲ, ಬರ್ದಿಟ್ಕಳಿ!"

ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಸಂಜೆ ಐದಕ್ಕೆ ಸುರಿಯಿತು ನೋಡಿ! ಪಕ್ಕದ ಹೊಲದವರು ತಲೆಗೆ ಗೋಣಿಚೀಲ ಹಾಕಿಕೊಂಡು ಓಡುತ್ತ, "ಇವತ್ತೂ ಸುಳ್ಳಾಯ್ತಲ್ಲಣ್ಣೋ!" ಎಂದು ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು. ನಾನು ಹತ್ತಿರ ಹೋದೆ.

"ಇಷ್ಟ್ ವರ್ಸ ನನ್ ಮಾತು ಒಂದ್ ಸಲನಾದ್ರೂ ನಿಜ ಆಗ್ಲಪ್ಪಾ ಅಂತಿದ್ದೆ ಕಣ್ಲಾ" ಎಂದರು. "ಇವತ್ತೇ ಆಗ್ಬುಟ್ರೆ ಏನಪ್ಪಾ ಅಂತ ಜೀವ ಹೋಗಿತ್ತು."