ಎರಡು ಗೋಡೆ, ಒಂದೇ ಬಣ್ಣ

ಬೆಳಿಗ್ಗೆ ಗುಮಾಸ್ತ ಬಾಗಿಲು ತೆಗೆದಾಗ ಎದುರುಮನೆಯ ನಿವೃತ್ತ ಆಡಿಟರು ಅವನ ಮನೆಯ ಹೊಸ ಬಣ್ಣದ ಗೋಡೆಗೆ ಮೂಗು ತಾಗಿಸಿ ನಿಂತಿದ್ದರು.

“ಏನ್ ಸಾರ್, ಇನ್ನೂ ವಾಸನೆ ಬರ್ತಿದೆಯಾ?”

“ಬರ್ತಿದೆ, ಬರ್ತಿದೆ. ಸರ್ಕಾರಕ್ಕೆ ಎಷ್ಟು ಖರ್ಚಾಯ್ತು?”

ಗುಮಾಸ್ತ ನಕ್ಕ. ಆಡಿಟರು ನಗಲಿಲ್ಲ.

“ನಿನ್ನೆ ಪಿಂಚಣಿ ವಿಚಾರಕ್ಕೆ ನಿಮ್ಮ ಆಫೀಸಿಗೆ ಹೋಗಿದ್ದೆ. ನೀವು ರಜದಲ್ಲಿದ್ದಾಗ ಸಭಾಂಗಣಕ್ಕೆ ಬಣ್ಣ ಹೊಡೆದಿದ್ದಾರೆ. ಇದೇ ಬಣ್ಣ. ಆ ಕೆಲಸ ಸರಿಯಾಗಿದೆ ಅಂತ ಸಹಿ ಹಾಕೋರು ಯಾರು?”

“ನಾನೇ ಸಾರ್. ಇವತ್ತು ನೋಡಿ ಹಾಕ್ಬೇಕು.”

“ಹೂಂ,” ಎಂದರು ಆಡಿಟರು. ಬದುಕಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆದವರು, ಈಗ ಸಂಬಳವಿಲ್ಲದೆಯೂ ಹುಡುಕುತ್ತಿದ್ದರು.

ಗುಮಾಸ್ತ ಯಾಕೆಂದು ತಿಳಿಯದೆಯೇ “ಸಾರಿ ಸಾರ್” ಎಂದ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಕಾಲು ಅಲ್ಲಿಟ್ಟಿದ್ದಕ್ಕೆ ತಾನೇ ಕ್ಷಮೆ ಕೇಳುವ ಜೀವ ಅದು. ವರ್ಷಗಳಿಂದ ಕಾದಿದ್ದ ಬಡ್ತಿ ಈ ವಾರ ಕೈಗೆ ಬರುವುದಿತ್ತು. ಅದಕ್ಕೆ ಸಾಹೇಬರು ‘ಈತನ ಮೇಲೆ ಯಾವ ದೂರೂ ಇಲ್ಲ’ ಎಂದು ಬರೆಯಬೇಕಿತ್ತು, ಅಷ್ಟೆ.

ಒಳಗೆ ಹೆಂಡತಿಗೆ ಹೇಳಿದ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ನಮ್ಮ ಬಣ್ಣ ಅವರಿಗೆ ಹೇಗೆ ಸಿಗತ್ತೆ ರೀ? ಅಂಗಡಿಯವನ ತಲೆ ತಿಂದು ಮೂರು ಸಲ ಬೆರೆಸಿಸಿ ತಂದಿದ್ದು ನಾನು!”

ಅದು ನಿಜ. ಹಸಿರೂ ಅಲ್ಲ, ನೀಲಿಯೂ ಅಲ್ಲ. ನವಿಲಿಗೆ ಜ್ವರ ಬಂದು ಮಲಗಿದರೆ ಹೇಗೋ ಹಾಗಿತ್ತು ಆ ಬಣ್ಣ. ಲೋಕದಲ್ಲಿ ಇಬ್ಬರು ಅದನ್ನು ಮೆಚ್ಚುವುದು ಸಾಧ್ಯವಿರಲಿಲ್ಲ.

“ಪೇಂಟರ್ ಮಾತ್ರ ಆಫೀಸ್ ಕಂಟ್ರಾಕ್ಟರ್ ಕಡೆಯವನು ಕಣೇ,” ಎಂದ ಗುಮಾಸ್ತ ಮೆಲ್ಲಗೆ. “ಕೂಲಿ ಪೂರ್ತಿ ಕೊಟ್ಟಿದ್ದೀನಿ. ಆದ್ರೂ…”

“ಆದ್ರೂ ಗೀದ್ರೂ ಬೇಡ. ಹೋಗಿ ನೆಟ್ಟಗೆ ಕೂತ್ಕೊಳ್ಳಿ.”

ಆಫೀಸಿನ ಮೆಟ್ಟಿಲ ಬಳಿ ಹೊಸ ಬ್ಯಾನರು ಕಟ್ಟಿದ್ದರು: ‘ಅಧಿಕಾರ ದುರುಪಯೋಗ ಕಂಡಲ್ಲಿ ಗುರುತಿಸಿ.’ ಕೆಳಗೆ ಅದರ ಲಕ್ಷಣಗಳು. ‘ಗುತ್ತಿಗೆದಾರನ ಆಳು ನೌಕರನ ಮನೆಯಲ್ಲಿ ದುಡಿಯುವುದು’ ಎಂಬಲ್ಲಿಗೆ ಬರುವಷ್ಟರಲ್ಲಿ ಗುಮಾಸ್ತ ಮೆಟ್ಟಿಲ ಕಂಬಿ ಹಿಡಿದುಕೊಂಡ. ಜ್ವರದ ಪುಸ್ತಕ ಓದಿದವನಿಗೆ ಮೈ ಬಿಸಿಯಾದಂತೆ, ಲಕ್ಷಣಗಳೆಲ್ಲ ತನ್ನವೇ ಅನ್ನಿಸತೊಡಗಿದವು.

ಸಭಾಂಗಣಕ್ಕೆ ಇಣುಕಿದ. ಜ್ವರ ಬಂದ ನವಿಲು ನಾಲ್ಕೂ ಗೋಡೆಯ ಮೇಲೆ ಮಲಗಿತ್ತು. ಅವನ ಮನೆಯಲ್ಲಿದ್ದುದಕ್ಕಿಂತ ದಪ್ಪಗೆ, ನುಣ್ಣಗೆ.

“ಏನಣ್ಣಾ, ಮನೆಗೆ ಬಣ್ಣ ಹೊಡೆಸಿದ್ರಂತೆ?” ಹಿಂದಿನಿಂದ ಟೈಪಿಸ್ಟ್ ಕೇಳಿದಳು. “ಯಾವ ಬಣ್ಣ?”

“ಬಿಳಿ!” ಎಂದುಬಿಟ್ಟ ಗುಮಾಸ್ತ.

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಹಾಗೆ. ಒಂದು ಹೇಳಿದರೆ ಅದು ಬಾಗಿಲು ದಾಟುವ ಮೊದಲೇ ಎಡವಿ ಬೀಳುತ್ತದೆ. ಆ ಹೊತ್ತಿಗೆ ಸರಿಯಾಗಿ ಆಡಿಟರು ಬಂದರು. ಕರವಸ್ತ್ರ ಬಿಚ್ಚಿ, ಗುಮಾಸ್ತನ ಮನೆಗೋಡೆಯಿಂದ ಕೆರೆದು ತಂದ ಚಕ್ಕೆಯನ್ನು ಸಭಾಂಗಣದ ಗೋಡೆಗೆ ಹಿಡಿದರು. ಚಕ್ಕೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯಲಿಲ್ಲ.

“ಬಿಳಿ ಅಂದ್ರಲ್ಲಣ್ಣಾ?” ಟೈಪಿಸ್ಟ್ ಹುಬ್ಬೇರಿಸಿದಳು.

ಸಕ್ಕರೆಗೆ ಇರುವೆ ಮುತ್ತಿದಂತೆ ಆಫೀಸು ಮುತ್ತಿತು. ನಿನ್ನೆಯವರೆಗೆ ಅವನ ಪೆನ್ನು ಎರವಲು ಪಡೆಯುತ್ತಿದ್ದವರು ಈಗ ಅವನ ಚಪ್ಪಲಿಯನ್ನೂ ಗುಮಾನಿಯಿಂದ ನೋಡಿದರು. ಗಲಾಟೆ ಕೇಳಿ ಸಾಹೇಬರೇ ಹೊರಗೆ ಬಂದರು.

“ಏನ್ರೀ ಇದು? ಸರ್ಕಾರದ ಬಣ್ಣ ಮನೆಗೆ ಬಳ್ಕೊಂಡ್ರಾ?”

“ಇಲ್ಲ ಸಾರ್! ಅಂಗಡಿಯಿಂದ ದುಡ್ಡು ಕೊಟ್ಟು ತಂದಿದ್ದು. ನನ್ನ ಹೆಂಡತೀನ ಕೇಳಿ!”

“ಹೆಂಡತಿ ಸಾಕ್ಷಿ ಸಾಕ್ಷಿಯೇ ಅಲ್ಲ,” ಎಂದರು ಆಡಿಟರು.

ಹೆಂಡತಿಗೆ ಫೋನು ಹೋಯಿತು. ಅವಳು ಒಬ್ಬಳೇ ಬರಲಿಲ್ಲ. ಬಣ್ಣದಂಗಡಿಯವನನ್ನು ಅರ್ಧ ವ್ಯಾಪಾರದಿಂದ ಎಬ್ಬಿಸಿ, ಸ್ನಾನಕ್ಕೆ ಒಲ್ಲದ ಮಗುವನ್ನು ಎಳೆತರುವಂತೆ ಎಳೆದು ತಂದಿದ್ದಳು.

ಅಂಗಡಿಯವನು ಗೋಡೆ ನೋಡಿದ್ದೇ ಕೈಮುಗಿದ. “ಅಯ್ಯೋ, ಮರೆಯೋಕಾಗತ್ತಾ ಸಾರ್? ಈ ತಾಯಿಗೆ ಬಿಟ್ಟು ಇನ್ಯಾರಿಗೂ ಇದನ್ನ ಬೆರೆಸಿಲ್ಲ. ಕಂಟ್ರಾಕ್ಟರ್ ಕಡೆಯೋರು ನಮ್ಮಂಗಡಿ ಮೆಟ್ಟಿಲೇ ಹತ್ತಿಲ್ಲ.”

“ಹಾಗಾದ್ರೆ ಈ ಗೋಡೆಗೆ ಹೇಗೆ ಬಂತು?”

ಹೆಂಡತಿ ಗೋಡೆ ಸವರಿದಳು. ಕಣ್ಣು ಕಿರಿದಾಯಿತು. “ಅದಕ್ಕೇ ನಮ್ಮನೆಗೆ ಒಂದು ಸಲ ಬಳಿಯೋಷ್ಟರಲ್ಲೇ ಬಣ್ಣ ಮುಗಿದಿದ್ದು! ಹಳೇ ಬಣ್ಣ ಇನ್ನೂ ಇಣುಕ್ತಿದೆ. ಕರೀರಿ ಆ ಪೇಂಟರ್‌ನ!”

ಪೇಂಟರ್ ಹಿತ್ತಲ ಕಿಟಕಿಗೆ ಬಣ್ಣ ಹೊಡೆಯುತ್ತಿದ್ದ. ಬಂದ. ಮುಚ್ಚಿಡುವ ಗೋಜಿಗೇ ಹೋಗಲಿಲ್ಲ.

“ಕಂಟ್ರಾಕ್ಟರ್ ಬಣ್ಣ ಕೊಡ್ಲಿಲ್ಲ ಸಾರ್, ಎಲ್ಲಾದ್ರೂ ಹೊಂದಿಸ್ಕೋ ಅಂದ್ರು. ಇವರ ಮನೇಲಿ ಡಬ್ಬ ಇತ್ತು, ತಗೊಂಡ್ಬಂದೆ. ಸಹಿ ಹಾಕೋರೂ ಇವರೇ ಅಲ್ವಾ? ಅವರ ಮನೆ ಬಣ್ಣಾನೇ ಅವರು ಚೆನ್ನಾಗಿಲ್ಲ ಅಂತಾರಾ?”

ಗುಮಾಸ್ತನ ಕಣ್ಣಲ್ಲಿ ನೀರಾಡಿತು. ಕಳ್ಳ ಅವನಲ್ಲ, ಕಳಕೊಂಡವನು! ಟೈಪಿಸ್ಟ್ ನೀರು ತಂದುಕೊಟ್ಟಳು. ಆಡಿಟರು ಚಕ್ಕೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ, “ನಿಮ್ಮ ಮುಖ ನೋಡಿದ್ರೇ ಗೊತ್ತಾಗ್ತಿತ್ತು,” ಎಂದು ಬೆನ್ನು ತಟ್ಟಿದರು.

ಸಾಹೇಬರು ಮಾತ್ರ ಗಲ್ಲ ಉಜ್ಜುತ್ತಾ ನಿಂತಿದ್ದರು. “ಅಂದ್ರೆ, ಈ ಕೆಲಸಕ್ಕೆ ಸಾಮಾನು ನಿಮ್ಮನೆಯಿಂದ ಬಂದಿದೆ.”

“ಹೌದು ಸಾರ್!” ಗುಮಾಸ್ತ ಎದೆಯುಬ್ಬಿಸಿದ.

“ಕೊಂಡದ್ದು ನಿಮ್ಮ ಹೆಂಡತಿ.”

“ಹೌದು ಸಾರ್!”

“ಕೆಲಸ ಪಾಸು ಮಾಡೋರು ನೀವು.”

“ಹೌ…” ಎನ್ನುತ್ತ ಗುಮಾಸ್ತ ಹೆಂಡತಿಯತ್ತ ನೋಡಿದ.

“ಹೆಂಡತಿ ಕೈಲಿ ಸಾಮಾನು ಕೊಡಿಸಿ ಗಂಡ ಸಹಿ ಹಾಕೋದು! ಇದಕ್ಕೆ ಏನಂತಾರೆ ಗೊತ್ತೇನ್ರೀ?”

“ಸಾರ್, ಅದು ಕದ್ದದ್ದು! ನನಗೆ ಗೊತ್ತೇ ಇರ್ಲಿಲ್ಲ!”

“ಗೊತ್ತಿರ್ಲಿಲ್ವಾ?” ಪೇಂಟರ್ ನಿಜಕ್ಕೂ ನೊಂದುಕೊಂಡ. “ಡಬ್ಬ ಎತ್ತಿ ನನ್ನ ಸೈಕಲ್ಲಿಗೆ ಕಟ್ಟಿಕೊಟ್ಟೋರು ನೀವೇ ಅಲ್ವಾ ಸಾರ್?”

ಎಲ್ಲರೂ ಗುಮಾಸ್ತನತ್ತ ತಿರುಗಿದರು. ಹೆಂಡತಿಯೂ ತಿರುಗಿದಳು.

“ಖಾಲಿ ಡಬ್ಬ ಅಂದ ಕಣೇ. ಖಾಲಿ ಡಬ್ಬ ಇಷ್ಟು ಭಾರ ಇರತ್ತಾ ಅಂತ ಕೇಳೋಣ ಅಂದ್ಕೊಂಡೆ. ಸಂಕೋಚ ಆಯ್ತು.”

“ನಿಮ್ಮ ಮುಖ ನೋಡಿದಾಗ್ಲೇ ನಂಗೆ ಅನುಮಾನ ಇತ್ತು,” ಎಂದು ಆಡಿಟರು ಕರವಸ್ತ್ರ ಮತ್ತೆ ಬಿಚ್ಚಿದರು.

ಬಡ್ತಿ ಅಲ್ಲೇ ನಿಂತಿತು. ವಿಚಾರಣೆ ಮುಗಿಯುವವರೆಗೆ ಗುಮಾಸ್ತ ಕೆಲಸಕ್ಕೆ ಬರಬೇಕಿಲ್ಲ ಎಂದಾಯಿತು.

“ಮತ್ತೆ ಬಣ್ಣ ಕೊಡದೆ ಕೆಲಸ ಮಾಡಿಸಿದ ಕಂಟ್ರಾಕ್ಟರ್?” ಹೆಂಡತಿ ಕೇಳಿದಳು.

“ಅವನ ಮಾತೆತ್ತಬೇಡಿ ತಾಯಿ,” ಎಂದರು ಸಾಹೇಬರು ಪ್ರೀತಿಯಿಂದ. “ನನ್ನ ಬಾಮೈದ ಅವನು. ನನ್ನ ಕಣ್ಮುಂದೆ ಬೆಳೆದ ಹುಡುಗ. ಈ ಆಫೀಸಿನ ಕೆಲಸ ಎಲ್ಲಾ ಅವನಿಗೇ ಕೊಡೋದು ಸುಮ್ನೇನಾ? ನಂಬಿಕೆ!”

ಆಡಿಟರ ಮೂಗು ಅಲುಗಲಿಲ್ಲ. ಟೈಪಿಸ್ಟ್ ತಲೆದೂಗಿದಳು. “ಮನೆಯವರು ಅಂದ್ಮೇಲೆ ಜವಾಬ್ದಾರಿ ಇರತ್ತೆ ಬಿಡಿ.”

ಗುಮಾಸ್ತ ಬಾಯಿ ತೆರೆದ.

“ಏನಾದ್ರೂ ಹೇಳೋದಿತ್ತೇನ್ರೀ?” ಸಾಹೇಬರು ಕೇಳಿದರು. ವಿಚಾರಣೆ ಮಾಡುವವರೂ ಅವರೇ.

“ಇಲ್ಲ ಸಾರ್. ಆಕಳಿಕೆ.”

ಗಂಡ ಹೆಂಡತಿ ನಡೆದೇ ಮನೆ ಸೇರಿದರು. ದಾರಿಯಲ್ಲಿ ಅವಳು ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ಹೊಸ್ತಿಲಿನ ಹತ್ತಿರ ಬಂದಾಗ ಚಪ್ಪಲಿ ಬಿಡಲೆಂದು ಅವನು ತನ್ನ ಮನೆಯ ಗೋಡೆಗೆ ಒರಗಿದ.

“ಏಯ್, ಏಯ್!” ರಸ್ತೆಯಾಚೆಯಿಂದ ಕೂಗು ಬಂತು. ಆಡಿಟರು ಆಗಲೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. “ಗೋಡೆ ಕಾಯೋಕೆ ಸಾಹೇಬ್ರು ನನಗೆ ಹೇಳಿದ್ದಾರೆ. ದೂರ ನಿಲ್ಲಿ ಗುಮಾಸ್ತರೇ, ಸಾಕ್ಷಿ ಅಳಿಸಿಹೋಗತ್ತೆ!”

ಗುಮಾಸ್ತ ದೂರ ಸರಿದು, ಗೋಡೆಗೆ ಕ್ಷಮೆ ಕೇಳಿದ.