ಕಲ್ಲಾದ ಬ್ರೇಕು

ತಪ್ಪೆಲ್ಲ ಮನ್ಹೋನ ಬಲಗಾಲಿನದು. ಉಲ್ಸಾನಿನ ಹಳೇ ಮಾರುಕಟ್ಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಈ ತಾಕ್ ಮನ್ಹೋ ಹದಿನೆಂಟು ವರ್ಷ ಓಡಿಸಿದ ಹಳೇ ಕಾರಿಗೆ ಒಂದು ಚಾಳಿ ಇತ್ತು. ಬ್ರೇಕನ್ನು ಏಳೆಂಟು ಸಲ ತುಳಿದು ಎಬ್ಬಿಸದಿದ್ದರೆ ಅದು ಹಿಡಿಯುತ್ತಲೇ ಇರಲಿಲ್ಲ. ಹೋದ ವಾರ ಆ ಕಾರು ಗುಜರಿಗೆ ಹೋಯಿತು, ಚಾಳಿ ಮಾತ್ರ ಕಾಲಿಗೆ ಅಂಟಿಕೊಂಡು ಉಳಿಯಿತು.

ಆ ಶನಿವಾರ ಹನ್ನೆರಡಕ್ಕೆ ಬೀಗರ ಮೊದಲ ಭೇಟಿ. ನದಿ ಪಕ್ಕದ ಹೋಟೆಲಿನಲ್ಲಿ ಎರಡು ಮನೆಯವರೂ ಕೂತು ಊಟ ಮಾಡಿ, ಮಗಳು ಸೆರಿನ್‌ಳ ಮದುವೆ ದಿನ ಗೊತ್ತು ಮಾಡಬೇಕು. ಹೊಸ ಕಾರು ತಂದದ್ದೇ ಅಲ್ಲಿ ಗತ್ತಿನಿಂದ ಇಳಿಯುವುದಕ್ಕೆ. ಹೆಂಡತಿ, ಮಗಳು ಪಾರ್ಲರಿನಲ್ಲಿ ತಲೆ ಬಾಚಿಸಿಕೊಂಡು ಅಲ್ಲಿಂದಲೇ ಹೋಟೆಲಿಗೆ ಬರುತ್ತೇವೆ ಎಂದು ಬೆಳಿಗ್ಗೆಯೇ ಹೊರಟಿದ್ದರು.

"ಅಪ್ಪಾ, ತಡ ಮಾಡ್ಬೇಡ, ಜಂಬ ಕೊಚ್ಬೇಡ. ಎರಡೇ ಕೆಲಸ," ಎಂದು ಸೆರಿನ್ ಬಾಗಿಲಲ್ಲೇ ಹೇಳಿದ್ದಳು.

"ಎರಡೂ ನಂಗೆ ಗೊತ್ತೇ ಇಲ್ವಲ್ಲ!" ಎಂದಿದ್ದ ಮನ್ಹೋ.

ಹನ್ನೊಂದು ಗಂಟೆಗೆ ಸೂಟು ಹಾಕಿಕೊಂಡು ಬಂದು ಸೀಟಿನಲ್ಲಿ ಕೂತ. ಕಾಲು ತನ್ನ ಪಾಡಿಗೆ ತಾನು ಬ್ರೇಕನ್ನು ಎಂಟು ಸಲ ತುಳಿಯಿತು. ಆಮೇಲೆ ಬಟನ್ ಒತ್ತಿದ. ಕಾರು ಹೊರಡಲಿಲ್ಲ. 'ಬ್ರೇಕ್ ತುಳಿದು ಬಟನ್ ಒತ್ತಿ' ಎಂದು ಮುಂದೆ ಅಕ್ಷರ ಮೂಡಿತು. ತುಳಿದರೆ ಪೆಡಲು ಅಲ್ಲಾಡಲಿಲ್ಲ, ರುಬ್ಬುವ ಕಲ್ಲನ್ನು ಒದ್ದ ಹಾಗಾಯಿತು.

ಆ ಅಪಾರ್ಟ್‌ಮೆಂಟಿನಲ್ಲಿ ಜಾಗ ಕಡಿಮೆ. ಅಡ್ಡ ನಿಲ್ಲಿಸುವವರು ಕಾರನ್ನು ನ್ಯೂಟ್ರಲಿನಲ್ಲಿ ಬಿಟ್ಟು ಹೋಗುತ್ತಾರೆ, ಹೊರಡುವವರು ಅದನ್ನು ತಳ್ಳಿ ದಾರಿ ಮಾಡಿಕೊಳ್ಳಬೇಕು. ಮನ್ಹೋನ ಮುಂದೆ ಅಡ್ಡ ನಿಂತಿದ್ದ ಕಾರನ್ನು ಕಾವಲಿನ ಚೊಂಗ್ ಅಜ್ಜ ಮತ್ತು ಮಹಿಳಾ ಸಂಘದ ಅಧ್ಯಕ್ಷೆ ಬೇ ಅಕ್ಕ ಆಗಷ್ಟೇ ತಳ್ಳಿ ಮುಗಿಸಿದ್ದರು. ದಾರಿ ಬಿಟ್ಟರೂ ಕಾರು ಹೊರಡದ್ದನ್ನು ಕಂಡು ಇಬ್ಬರೂ ಕಿಟಕಿಗೆ ಬಂದರು.

"ಏನಾಯ್ತು, ಸೆರಿನ್ ಅಪ್ಪ?"

"ಬ್ರೇಕು ಕಲ್ಲಾಗಿದೆ, ಅಕ್ಕ."

"ಇಳೀರಿ ಈಚೆ," ಎಂದ ಚೊಂಗ್ ಅಜ್ಜ. "ಮಿಲಿಟರೀಲಿ ಟ್ರಕ್ ಓಡಿಸ್ದೋನು ನಾನು. ಪೆಡಲ್ ತುಳಿದ್ರೆ ಅದರ ಜಾತಕ ಹೇಳ್ತೀನಿ."

ಅಜ್ಜ ಆರು ಸಲ ತುಳಿದು, "ಗಟ್ಟಿ ಇದೆ," ಎಂದು ಜಾತಕ ಹೇಳಿದ. ಬೇ ಅಕ್ಕ ಚಪ್ಪಲಿ ಬಿಟ್ಟು ಹತ್ತಿ ಹತ್ತು ಸಲ ತುಳಿದು, "ಅಜ್ಜ ತುಳಿದ್ಮೇಲೆ ಇನ್ನೂ ಗಟ್ಟಿಯಾಗಿದೆ," ಎಂದಳು. ಅನುಮಾನ ಪರಿಹಾರಕ್ಕೆ ಅಜ್ಜ ಮತ್ತೆ ತುಳಿದ.

"ಹೊಸ ಕಾರಿಗೆ ಪೂಜೆ ಮಾಡಿದ್ರಾ?" ಬೇ ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಹಂದಿ ತಲೆ ಇಟ್ಟು, ಚಕ್ರಕ್ಕೆ ಅಕ್ಕಿ ಹೆಂಡ ಸುರಿದು?"

"ಈಗಿನ ಕಾಲದಲ್ಲಿ ಯಾರಕ್ಕ..."

"ಅದಕ್ಕೇ ಕೂತುಬಿಟ್ಟಿದೆ!"

ಹಂದಿ ತಲೆ ಸಿಗುವಷ್ಟು ಹೊತ್ತಿರಲಿಲ್ಲ. ಬೇ ಅಕ್ಕ ಮನೆಯಿಂದ ಎರಡು ಬಾಟಲಿ ಅಕ್ಕಿ ಹೆಂಡ ತಂದು ನಾಲ್ಕು ಚಕ್ರಕ್ಕೂ ಧಾರಾಳವಾಗಿ ಎರಚಿದಳು. ಅರ್ಧ ಚಕ್ರಕ್ಕೆ ಬಿತ್ತು, ಅರ್ಧ ಮನ್ಹೋನ ಪ್ಯಾಂಟಿಗೆ. ಅಜ್ಜ ಮತ್ತೆ ತುಳಿದ. ಬ್ರೇಕು ದೇವರಿಗೂ ಬಗ್ಗಲಿಲ್ಲ.

ಹನ್ನೆರಡಾಗುವ ಹೊತ್ತಿಗೆ ಮನ್ಹೋಗೆ ಬುದ್ಧಿ ಬಂದು ವಿಮೆ ಕಂಪನಿಯ ತುರ್ತು ಸೇವೆಗೆ ಫೋನ್ ಮಾಡಿದ. ಬಂದವನು ಇಣುಕಿ ನೋಡಿ, ಒಂದೇ ಪ್ರಶ್ನೆ ಕೇಳಿದ.

"ಇಂಜಿನ್ ಆಫ್ ಇದ್ದಾಗ ಎಷ್ಟು ಸಲ ತುಳಿದ್ರಿ?"

ಚೊಂಗ್ ಅಜ್ಜ ಬೆರಳು ಮಡಿಸಿ ಎಣಿಸಿದ, ಎರಡು ಕೈಯ ಬೆರಳೂ ಸಾಲಲಿಲ್ಲ.

"ಬ್ರೇಕಿಗೆ ಒತ್ತಾಸೆ ಕೊಡೋ ಡಬ್ಬಿ ಒಂದಿದೆ ಸಾರ್. ಇಂಜಿನ್ ಓಡದೆ ಮೂರ್ನಾಲ್ಕು ಸಲ ತುಳಿದ್ರೆ ಅದರ ಶಕ್ತಿ ಖಾಲಿ. ಎಲ್ಲ ಕಾರಿನದೂ ಇಷ್ಟೇ, ಕೆಟ್ಟಿಲ್ಲ. ಒಂದೇ ಸಲ ಬಲವಾಗಿ ಒತ್ತಿ ಹಿಡ್ಕೊಂಡು ಬಟನ್ ಒತ್ತಿ."

ಮನ್ಹೋ ಎರಡೂ ಕಾಲಿಟ್ಟು ಒತ್ತಿದ. ಇಂಜಿನ್ ಎದ್ದಿತು, ಪೆಡಲು ಮೆತ್ತಗೆ ಒಳಗಿಳಿಯಿತು. "ಅಯ್ಯೋ, ಕುಸೀತು!" ಎಂದು ಬೇ ಅಕ್ಕ ಕೂಗಿಕೊಂಡಳು. "ಕುಸೀಬೇಕು ತಾಯಿ, ಅದೇ ಸರಿ," ಎಂದು ಕೈಮುಗಿದು ವಿಮೆಯವನು ಹೊರಟ.

ಮುಕ್ಕಾಲು ಗಂಟೆ ತಡವಾಗಿ ಮನ್ಹೋ ಹೋಟೆಲಿನ ಕೋಣೆಗೆ ಬಂದ. ಬೀಗ ಪ್ಯೋ ಗ್ವಾಂಗ್‌ಟೆ ಎದ್ದು ಬಗ್ಗಿ ನಮಸ್ಕರಿಸಿದರು. ಉಲ್ಸಾನಿನಲ್ಲಿ ಎಲ್ಲರ ಅಪ್ಪನೂ ಯಾವುದೋ ಫ್ಯಾಕ್ಟರಿಯಲ್ಲಿ ಇರುವುದರಿಂದ ಅವರ ಕೆಲಸವೇನೆಂದು ಯಾರೂ ಕೇಳಿರಲಿಲ್ಲ. ಬೀಗಿತ್ತಿ ಮಾತ್ರ ಮೂಗು ಅರಳಿಸಿ ಮನ್ಹೋನ ಪ್ಯಾಂಟಿನ ಕಡೆ ನೋಡಿದಳು. ಸೆರಿನ್‌ಳ ಮುಖ ಬಿಳಿಚಿಕೊಂಡಿತು.

ಮದುವೆಗೆ ಮೊದಲೇ ಕುಡುಕ ಅನ್ನಿಸಿಕೊಳ್ಳುವುದೇ? ಇಲ್ಲ, ಪೆಡಲನ್ನು ಸುಮ್ಮಸುಮ್ಮನೆ ತುಳಿದು ಕೂತ ಪೆದ್ದ ಅನ್ನಿಸಿಕೊಳ್ಳುವುದೇ? ಮನ್ಹೋ ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದ.

"ಕುಡಿದಿದ್ದಲ್ಲ ಬೀಗರೇ, ಚಕ್ರದ ಪೂಜೇದು. ಹೊಸ ಕಾರು, ದಾರೀಲೇ ಬ್ರೇಕು ಕಲ್ಲಾಯ್ತು! ನಾನಾಗಿದ್ದಕ್ಕೆ ತಡೆದು ನಿಲ್ಲಿಸ್ದೆ. ಎಂಥ ದರಿದ್ರ ಪೆಡಲ್ ಮಾಡ್ತಾರೋ! ಅಂಥೋರ ಫ್ಯಾಕ್ಟರಿಗೆ ಬೀಗ ಜಡೀಬೇಕು."

ಮದುಮಗ ತಟ್ಟೆ ನೋಡುತ್ತಾ ಕೂತ. ಪ್ಯೋ ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟರು.

"ಯಾವ ಕಾರು? ಯಾವ ತಿಂಗಳದ್ದು?"

ಮನ್ಹೋ ಹೇಳಿದ.

"ಅದರ ಪೆಡಲು ನಮ್ಮ ಫ್ಯಾಕ್ಟರೀದು," ಎಂದರು ಪ್ಯೋ ಸಣ್ಣ ದನಿಯಲ್ಲಿ. "ಕೊನೇಲಿ ಪರೀಕ್ಷೆ ಮಾಡಿ ಸಹಿ ಹಾಕೋನು ನಾನು. ಮೂವತ್ತೊಂದು ವರ್ಷದಿಂದ."

ಮನ್ಹೋ ಬಾಯಿಗೆತ್ತಿದ್ದ ಮೀನಿನ ತುಂಡನ್ನು ಮೆಲ್ಲಗೆ ತಟ್ಟೆಗಿಳಿಸಿದ.

"ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. ಇಂಜಿನ್ ಆಫ್ ಇದ್ದಾಗ ಸುಮ್ನೆ ನಾಲ್ಕೈದು ಸಲ ತುಳಿದಿದ್ರಾ? ಕಾರಿನ ಗಂಧಗಾಳಿ ಇಲ್ಲದೋರು ಹಾಗೆ ಮಾಡ್ತಾರೆ."

ಒಪ್ಪಿಕೊಳ್ಳುವುದಕ್ಕೆ ಅದೇ ಒಳ್ಳೇ ಗಳಿಗೆ. ಆದರೆ ಆ ಕೊನೇ ಮಾತು ಮನ್ಹೋಗೆ ಚುಚ್ಚಿತು.

"ನಾನಾ? ಇಪ್ಪತ್ತೆಂಟು ವರ್ಷದ ಲೈಸೆನ್ಸು ಬೀಗರೇ! ಒಂದು ಸಲವೂ ತುಳಿದಿಲ್ಲ."

ಪ್ಯೋ ಎದ್ದು ನಿಂತು ಸೊಂಟ ಪೂರ್ತಿ ಬಗ್ಗಿಸಿದರು.

"ಹಾಗಿದ್ರೆ ತಪ್ಪು ನಂದೇ. ನಾನು ಸಹಿ ಹಾಕಿದ ಪೆಡಲು ನನ್ನ ಸೊಸೆ ಅಪ್ಪನ ಜೀವಕ್ಕೇ ಬಂದಿತ್ತು. ಆ ದೋಷ ಸಿಗೋವರೆಗೂ ನಿಮ್ಮ ಮಗಳನ್ನ ಕೇಳೋ ಮುಖ ನನಗಿಲ್ಲ. ಮದುವೆ ದಿನ ಗೊತ್ತು ಮಾಡೋದು ಇವತ್ತು ಬೇಡ."

ಸೆರಿನ್‌ಳ ಕಣ್ಣು ತುಂಬಿತು. ಮಗಳ ಕಣ್ಣೀರು ನೋಡಿ ಮನ್ಹೋನ ಜಂಬವೆಲ್ಲ ಜರ್ರನೆ ಇಳಿಯಿತು.

"ಬೀಗರೇ, ಸುಳ್ಳು ಹೇಳ್ದೆ! ತುಳಿದಿದ್ದು ನಾನೇ, ಎಂಟು ಸಲ! ಆಮೇಲೆ ಕಾವಲಿನ ಅಜ್ಜ, ಬೇ ಅಕ್ಕ, ಎಲ್ಲ ಸೇರಿ ತುಳಿದ್ವಿ. ಕಾರು ನಿಂತ ಜಾಗದಿಂದ ಕದಲೇ ಇರ್ಲಿಲ್ಲ. ವಿಮೆಯವನೇ ಬಂದು ಕೆಟ್ಟಿಲ್ಲ ಅಂದ. ಬೇಕಿದ್ರೆ ಅವನ್ನೇ ಕೇಳಿ!"

ಪ್ಯೋ ಮೇಜು ಸುತ್ತಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು.

"ಸಾಕು ಬೀಗರೇ. ನನ್ನ ಮಾನ ಉಳಿಸೋಕೆ ಎಲ್ಲರ ಮುಂದೆ ಪೆದ್ದ ಅನ್ನಿಸ್ಕೊಳ್ಳೋಕೂ ತಯಾರಾದ್ರಲ್ಲ! ವಿಮೆಯೋರು ಯಾವಾಗ್ಲೂ ಕೆಟ್ಟಿಲ್ಲ ಅಂತಾನೇ ಅನ್ನೋದು. ಇಂಥ ದೊಡ್ಡ ಮನಸ್ಸಿನ ಮನೇಗೆ ನಾನು ಮೋಸ ಮಾಡಲ್ಲ."

"ಅಯ್ಯೋ, ನಾನು ನಿಜವಾಗ್ಲೂ ಪೆದ್ದ, ಬೀಗರೇ! ಇವಳನ್ನ ಕೇಳಿ!"

"ಹೌದು, ಇವರು ಪೆದ್ದರೇ," ಎಂದಳು ಹೆಂಡತಿ ಮನಸಾರೆ.

"ಮನೆಯವರೆಲ್ಲ ಒಂದೇ ಥರ, ದೇವರಂಥೋರು," ಎಂದು ಪ್ಯೋ ಕಣ್ಣೊರೆಸಿಕೊಂಡು ಫ್ಯಾಕ್ಟರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಎಳೆಯುವ ಲಾರಿ ಬಂದು ಹೊಸ ಕಾರನ್ನು ಎತ್ತಿಕೊಂಡಿತು. "ಒಂದೊಂದು ತಿರುಪೂ ಬಿಚ್ಚಿ ನೋಡ್ತೀನಿ. ಸಿಗೋವರೆಗೂ ಬಿಡೋನಲ್ಲ," ಎನ್ನುತ್ತಾ ಪ್ಯೋ ಲಾರಿಯ ಮುಂದಿನ ಸೀಟು ಹತ್ತಿದರು.

ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಸೆರಿನ್ ನೋಡುತ್ತಾ ನಿಂತಿದ್ದಳು.

"ಅಪ್ಪಾ, ಇಲ್ಲದೇ ಇರೋ ದೋಷ ಹುಡುಕೋಕೆ ಎಷ್ಟು ದಿನ ಬೇಕು?"

ಮನ್ಹೋ ಬಸ್ ಸ್ಟಾಪಿನ ಕಡೆ ನಡೆದ.