ಮಾರೇನಹಳ್ಳಿಗೆ ನಾನು ಕೊಟ್ಟ ಜೀವಜಲ

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿದ್ದ ನಮ್ಮ ಚಿಕ್ಕ ಕ್ರೈಸ್ತ ದೇವಾಲಯವನ್ನು ಸುಧಾರಿಸುವ ಹೊಣೆ ನನ್ನದೇ ಎಂದು ನನಗೆ ಖಚಿತವಾದದ್ದು ದಂಡು ಪ್ರದೇಶದ ಕಡೆ ನಡೆದ, ಭಕ್ತಿ ಚಿಗುರಿಸುವ ಒಂದು ಉಜ್ಜೀವನ ಕೂಟದಲ್ಲಿ. ಪರವೂರಿನಿಂದ ಬಂದಿದ್ದ ಬೋಧಕರೊಬ್ಬರು ಮೇಜು ಗುದ್ದಿ ಗುದ್ದಿ ಪ್ರಸಂಗ ಮಾಡಿದರು. ಮೇಜು ಅಲುಗಾಡಿತು. ನಾನೂ ಅಲುಗಾಡಿದೆ!

ಮನೆಗೆ ಬಂದವನೇ ಹೆಂಡತಿ ರಾಹೇಲಳಿಗೆ ಹೇಳಿದೆ: "ನಮ್ಮ ಸಭೆ ನಿದ್ದೆ ಮಾಡ್ತಾ ಇದೆ ಕಣೇ. ಎಬ್ಬಿಸ್ಬೇಕು."

"ಎಬ್ಬಿಸಿ. ನಮ್ಮಪ್ಪನ್ನ ಮಾತ್ರ ಬಿಟ್ಬಿಡಿ," ಎಂದಳು, ಅಕ್ಕಿ ಆರಿಸುತ್ತಾ.

ಅವಳ ತಂದೆ ಸಮುವೇಲಪ್ಪನವರು ಸಭೆಯ ಹಿರಿಯರು. ನಮ್ಮ ಪಾದ್ರಿ ಅಯ್ಯನವರು ಮೆಲುದನಿಯಲ್ಲಿ ಪ್ರಸಂಗ ಶುರುಮಾಡಿದರೆಂದರೆ, ಮಾವ ಮುಂದಿನ ಬೆಂಚಿನಲ್ಲೇ ಗೊರಕೆ ಶುರುಮಾಡುವರು. ಸುಧಾರಣೆಯಲ್ಲಿ ದಾಕ್ಷಿಣ್ಯ ಸಲ್ಲದು! ಭಾನುವಾರ ಪ್ರಸಂಗದ ನಡುವೆ ಎದ್ದು ನಿಂತು, "ಎಚ್ಚರವಾಗಿರಿ!" ಎಂದು ಗುಡುಗಿದೆ. ಮಾವ ಬೆಚ್ಚಿ ಎದ್ದವರು, ಪ್ರಸಂಗ ಮುಗಿಯಿತೆಂದು ತಿಳಿದು ಕೊನೆಯ ಕೀರ್ತನೆ ಎತ್ತಿಕೊಂಡರು. ಇಡೀ ಸಭೆ ಸಂತೋಷದಿಂದ ದನಿಗೂಡಿಸಿ, ಹಾಡು ಮುಗಿದದ್ದೇ ಮನೆಗೆ ಹೋಯಿತು.

ಅಯ್ಯನವರು ಕೋಪಿಸಿಕೊಳ್ಳಲಿಲ್ಲ. "ದೇವದಾಸಪ್ಪ, ನಿಮ್ಮ ಉತ್ಸಾಹ ಈ ನಾಲ್ಕು ಗೋಡೆಗೆ ಜಾಸ್ತಿ ಆಯ್ತು. ಬಯಲಲ್ಲಿ ಬೋಧಿಸಿ ನೋಡಿ," ಎಂದರು.

ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ಮುಂದಿನ ಶನಿವಾರ ಸಂಜೆ ಪಕ್ಕದ ಮಾರೇನಹಳ್ಳಿಗೆ ನಡೆದೆ. ಅರಳೀಕಟ್ಟೆಯ ಮೇಲೆ ನಿಂತು, ತಗಡಿನ ತುತ್ತೂರಿ ಬಾಯಿಗಿಟ್ಟು ಕೂಗಿದೆ: "ಬಾಯಾರಿದವರೇ ಬನ್ನಿ! ಜೀವಜಲ ಕೊಡುತ್ತೇವೆ! ಎಂದೂ ಬತ್ತದ ಜಲ!"

ಆ ಬೇಸಿಗೆಯಲ್ಲಿ ಊರಿನ ಬಾವಿ ಬತ್ತಿ ತಳ ಕಾಣುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ.

ಜನ ಓಡೋಡಿ ಬಂದರು. ಊರಿನ ಗೌಡರು ಕೈಮುಗಿದು, "ಎಲ್ರಿಗೂ ಕೊಡ್ತೀರಾ ಸಾರ್?" ಎಂದರು.

"ಎಲ್ಲರಿಗೂ! ಬಿಟ್ಟಿಯಾಗಿ!"

"ಎಲ್ಲಿ ಸಿಗ್ತೈತೆ?"

"ನಾಳೆ ಬೆಳಿಗ್ಗೆ ರಾಜಾಜಿನಗರದ ನಮ್ಮ ದೇವಾಲಯಕ್ಕೆ ಬನ್ನಿ!"

ಮನೆಗೆ ಹಾರುತ್ತಲೇ ಬಂದೆ. "ಇಡೀ ಹಳ್ಳಿ ಬರುತ್ತೆ ಕಣೇ!"

"ಒಂದೇ ಪ್ರಸಂಗಕ್ಕಾ?" ರಾಹೇಲಳ ಮುಖದಲ್ಲಿ ಭಕ್ತಿಗಿಂತ ಅನುಮಾನವೇ ಹೆಚ್ಚಿತ್ತು.

ಇಡೀ ಹಳ್ಳಿ ಬಂತು. ಬಿಂದಿಗೆ, ಕೊಡ, ಹಂಡೆ ಸಮೇತ ಬಂತು! ಗೌಡರಂತೂ ಎತ್ತಿನ ಗಾಡಿಯಲ್ಲಿ ಪೀಪಾಯಿಯನ್ನೇ ಹೇರಿಕೊಂಡು ಬಂದಿದ್ದರು. "ನಲ್ಲಿ ಎಲ್ಲೈತೆ ಸಾರ್?"

ನಾನು ಬೆವರೊರೆಸಿಕೊಂಡು, ಇದು ಆತ್ಮಕ್ಕೆ ಸಂಬಂಧಪಟ್ಟ ಜಲವೆಂದು ವಿವರಿಸಿದೆ. ಪುಟ್ಟಮ್ಮ ಎಂಬ ಅಜ್ಜಿ ಕೊನೆಯವರೆಗೂ ಗಮನವಿಟ್ಟು ಕೇಳಿ, "ಅದ್ರಲ್ಲಿ ಮುದ್ದೆ ತಿರುವಕ್ಕಾಯ್ತದಾ?" ಎಂದಳು.

ಬಿಸಿಲಲ್ಲಿ ನಡೆದು ಬಂದವರ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಅಷ್ಟರಲ್ಲಿ ಅಯ್ಯನವರು ಆರಾಧನೆ ನಿಲ್ಲಿಸಿ ಹೊರಗೆ ಬಂದರು. ಹಿತ್ತಲಿನ ನಲ್ಲಿ ತಿರುಗಿಸಿದರು. ಸಭೆಯವರು ಒಬ್ಬೊಬ್ಬರಾಗಿ ಎದ್ದುಬಂದು ಕೊಡ ಹಿಡಿದರು. ಮಾವ ಪಂಚೆ ಮೇಲೆ ಕಟ್ಟಿ ಪೀಪಾಯಿ ತುಂಬಿಸಿದರು. ನಮ್ಮ ಸಭೆ ಅಷ್ಟು ಎಚ್ಚರವಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು!

ಆಮೇಲೆ ಅಯ್ಯನವರು ಗೌಡರನ್ನು ಕರೆದುಕೊಂಡು ನೀರಿನ ಕಚೇರಿಗೆ ಅಲೆದರು. ಅದೇ ಮೆಲುದನಿಯಲ್ಲಿ ಕೇಳಿದರು. ಇಲ್ಲ ಎಂದಾಗ ಮತ್ತೆ ಹೋಗಿ ಕೇಳಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಮಾರೇನಹಳ್ಳಿಗೆ ನಲ್ಲಿ ಬಂತು.

ಅದನ್ನು ನೋಡಲು ಸಭೆಯವರೆಲ್ಲ ಹೋಗಿದ್ದೆವು. ನೀರು ಸಣ್ಣಗೆ ಬೀಳತೊಡಗಿತು. ಈ ಸಂದರ್ಭದಲ್ಲಿ ನಾಲ್ಕು ಮಾತಾಡುವುದು ನನ್ನ ಧರ್ಮವೆಂದು ತೋರಿ ಗಂಟಲು ಸರಿಮಾಡಿಕೊಂಡೆ.

"ಸುಮ್ಕಿರಿ ಸಾರ್!" ಗೌಡರು ಗಾಬರಿಯಿಂದ ಕೈ ಅಡ್ಡ ಹಿಡಿದರು. "ಈಗ್ತಾನೆ ಬಂದೈತೆ, ಹೆದ್ರಿ ನಿಂತ್ಕಂಡಾತು!"

ಎಲ್ಲರೂ ನಕ್ಕರು. ರಾಹೇಲಳ ನಗು ಎಲ್ಲರಿಗಿಂತ ಜೋರಾಗಿತ್ತು. ನಾನು ಬಾಯಿ ಮುಚ್ಚಿಕೊಂಡು, ಏನಾದರೂ ಸೇವೆಯಾಗಲಿ ಎಂದು ಪುಟ್ಟಮ್ಮನ ಬಿಂದಿಗೆಯನ್ನು ಹೆಗಲಿಗೇರಿಸಿಕೊಂಡು ಹೊರಟೆ.

ಅರ್ಧ ದಾರಿಯಲ್ಲಿ ಅದನ್ನೂ ಚೆಲ್ಲಿದೆ!